ಅಪ್ಪನನ್ನು ಕೂರಿಸಿದ್ದು

ನಮ್ಮ ಶಾಂತವೀರಪ್ಪನ ಕಣ್ಣಿಗೆ ಮುರಿದ ವಸ್ತುವೊಂದು ಬೀಳಬಾರದು. ಬಿತ್ತೋ, ಅದು ಅವನ ಅಪ್ಪನಿಗೆ ಉಡುಗೊರೆಯಾಗಿ ಬಂತೆಂದೇ ಲೆಕ್ಕ. ಊರಿನ ಬೇರೆ ಗಂಡುಮಕ್ಕಳು ಹಬ್ಬ ಬಂದರೆ ಅಪ್ಪನಿಗೊಂದು ಪಂಚೆ ತಂದುಕೊಟ್ಟು ಕಾಲಿಗೆ ಬೀಳುತ್ತಾರೆ. ಇವನು ಸುತ್ತಿಗೆ ಹಿಡಿದು ಕೂರುತ್ತಾನೆ. ತಂದ ವಸ್ತುವಿನಲ್ಲಿ ಪ್ರೀತಿ ಎಲ್ಲಿರುತ್ತದೆ, ಕೈಯಾರೆ ಮಾಡಿದ್ದರಲ್ಲಿ ಇರುತ್ತದೆ ಎಂದು ಉಪದೇಶ ಬೇರೆ.

ನಾನು ಅವನ ಸೋದರತ್ತೆ, ಅಕ್ಕನಾಗಮ್ಮ. ಗಂಡ ತೀರಿಕೊಂಡ ಮೇಲೆ ಶಿಕಾರಿಪುರದ ತವರಿಗೆ ಬಂದು ತಮ್ಮ ವೀರಬಸಪ್ಪನ ಇಬ್ಬರು ಮಕ್ಕಳನ್ನೂ ಬೆಳೆಸಿದವಳು. ದೊಡ್ಡವನು ಈ ಶಾಂತವೀರ. ಅವನಾಗಿ ಎಷ್ಟೋ ವರ್ಷದ ಮೇಲೆ ಹುಟ್ಟಿದವಳು ನೀಲಾಂಬಿಕ. ಅವಳನ್ನು ಹೆತ್ತ ದಿನವೇ ನನ್ನ ತಮ್ಮನ ಹೆಂಡತಿ ಹೋಗಿಬಿಟ್ಟಳು. ಆ ಕೂಸನ್ನು ನನ್ನ ಮಡಿಲಿಗೆ ಹಾಕಿದವರು ಯಾರೆಂಬುದು ಕೂಡ ನನಗೆ ನೆನಪಿಲ್ಲ, ಮನೆಯಲ್ಲಿ ಅಂಥ ಗೋಳಾಟ ನಡೆದಿತ್ತು.

ಶಾಂತವೀರನ ಉಡುಗೊರೆಗಳನ್ನು ಹೇಳುತ್ತೇನೆ ಕೇಳಿ. ಸೀಮೆಎಣ್ಣೆ ಡಬ್ಬ ಕತ್ತರಿಸಿ ಅಪ್ಪನಿಗೊಂದು ಲಾಂದ್ರ ಮಾಡಿಕೊಟ್ಟ. ಹಚ್ಚಿದ ಮೊದಲ ಸಂಜೆಯೇ ಅದು ಭಗ್ಗೆಂದು ನನ್ನ ತಮ್ಮನ ಮೀಸೆಯ ಒಂದು ಪಕ್ಕವನ್ನು ಸುಟ್ಟಿತು. ಬಸ್ಸಿನ ಹಳೆ ಟೈರು ಕೊಯ್ದು ಚಪ್ಪಲಿ ಮಾಡಿದ. ಅದರ ಮೊಳೆ ಹಿಮ್ಮಡಿಗೆ ಹೊಕ್ಕು ವೀರಬಸಪ್ಪ ಕೆರೆ ಏರಿಯಿಂದ ಕುಂಟುತ್ತ ಬಂದ. ಮುರಿದ ನೇಗಿಲಿನ ಹಿಡಿಕೆಯಿಂದ ಊರುಗೋಲು ಮಾಡಿದ. ನೇಗಿಲಿನ ಹಿಡಿಕೆ ಹುಟ್ಟಿದ್ದೇ ಬಾಗಿ, ಅದನ್ನು ಊರಿ ನಡೆದರೆ ಮನುಷ್ಯನೂ ಬಾಗಲೇಬೇಕು. ಪೇಟೆಯಲ್ಲಿ ಕಂಡಕಂಡವರಿಗೆಲ್ಲ ನಮಸ್ಕಾರ ಮಾಡುತ್ತ ಹೋದ ಹಾಗೆ ಕಾಣುತ್ತಿದ್ದ ನನ್ನ ತಮ್ಮ.

ನನ್ನ ತಮ್ಮನಾದರೂ ಏನು ಮಾಡಿದ? ಒಂದು ದಿನವಾದರೂ, ಸಾಕು ನಿಲ್ಲಿಸೋ ಮಾರಾಯ ಎಂದನೇ? ಇಲ್ಲ. ಮಗ ಬೇಜಾರು ಮಾಡಿಕೊಂಡಾನು ಎಂದು ಒಂದೊಂದನ್ನೂ ಒಂದು ದಿನ ಬಳಸಿ, ಆಮೇಲೆ ಸದ್ದಿಲ್ಲದೆ ಅಟ್ಟಕ್ಕೆ ಸೇರಿಸುತ್ತಿದ್ದ. ಬೈಯಬೇಕಾದ ಹೊತ್ತಿಗೆ ಬಾಯಿಗೆ ಬೀಗ ಹಾಕಿಕೊಂಡು ಕೂತ ಅಪ್ಪ ಇವನು. ಅದಕ್ಕೆ ತಕ್ಕದ್ದನ್ನು ಉಂಡ ಎಂದು ಹೇಳಿಬಿಡಬಹುದಿತ್ತು, ಆದರೆ ಅದನ್ನು ಉಂಡದ್ದು ಅವನೊಬ್ಬನೇ ಅಲ್ಲ. ಅದಕ್ಕೇ ನನ್ನ ಹೊಟ್ಟೆ ಇವತ್ತಿಗೂ ಉರಿಯುತ್ತದೆ.

ನೀಲಾಳನ್ನು ಆನವಟ್ಟಿಗೆ ಕೊಟ್ಟಿದ್ದೆವು. ಒಳ್ಳೆಯ ಮನೆ, ಒಳ್ಳೆಯ ಗಂಡ. ತೊಂದರೆ ಇದ್ದದ್ದು ಒಂದೇ, ಆ ಹುಡುಗಿಗೆ ಬಸ್ಸು ಆಗಿಬರುತ್ತಿರಲಿಲ್ಲ. ಮದುವೆಯಾಗಿ ಹೊರಟ ದಿನ ಶಿರಾಳಕೊಪ್ಪ ಮುಟ್ಟುವ ಮೊದಲೇ ಧಾರೆ ಸೀರೆಯ ಮೇಲೆಲ್ಲ ವಾಂತಿ ಮಾಡಿಕೊಂಡಳು, ಬೀಗರ ಕಡೆಯ ಹೆಂಗಸರು ಸೆರಗು ಅಡ್ಡ ಹಿಡಿದು ನಕ್ಕರಂತೆ. ದೀಪಾವಳಿಗೆ ಬಂದಾಗಲೂ ಅದೇ ಕಥೆ, ಕಣ್ಣು ಗುಳಿಬಿದ್ದು ಹೆಣದ ಹಾಗೆ ಬಂದು ಇಳಿದಳು. ಆವತ್ತು ವೀರಬಸಪ್ಪ ಅವಳ ತಲೆ ಸವರಿ ಮಾತು ಕೊಟ್ಟ. "ಹೆರಿಗೆಗೆ ನಿನ್ನ ಬಸ್ ಹತ್ತಸಾದಿಲ್ಲ ನೀಲವ್ವ. ನಮ್ಮ ಕಮಾನಿನ ಗಾಡಿ ತಗಂಡು ನಾನೇ ಬರ್ತೀನಿ."

ಕಮಾನಿನ ಗಾಡಿ ಎಂದರೆ ಮೇಲೆ ಬಿದಿರಿನ ಛಾವಣಿ ಬಾಗಿಸಿ ಕಟ್ಟಿದ ಸವಾರಿ ಗಾಡಿ. ನಮ್ಮ ಅಪ್ಪ ಮಾಡಿಸಿದ್ದು. ನಾನು ಗಂಡನ ಮನೆಗೆ ಹೋದದ್ದು ಅದರಲ್ಲಿ, ನನ್ನ ತಮ್ಮ ಹೆಂಡತಿಯನ್ನು ಕರೆತಂದದ್ದು ಅದರಲ್ಲಿ. ಊರಿಗೆ ಬಸ್ಸು ಹೆಚ್ಚಾದ ಮೇಲೆ ಎತ್ತುಗಳನ್ನು ಮಾರಿದ್ದರೂ ಗಾಡಿಯನ್ನು ಹಿತ್ತಲ ಕೊಟ್ಟಿಗೆಯಲ್ಲಿ ನಿಲ್ಲಿಸಿ ವೀರಬಸಪ್ಪ ವರ್ಷಕ್ಕೊಮ್ಮೆ ಎಣ್ಣೆ ಬಳಿಯುತ್ತಿದ್ದ.

ಮೈಸೂರು ರಾಜ್ಯ ದೊಡ್ಡದಾಯಿತಲ್ಲ, ಅದಾಗಿ ಬಂದ ಮೊದಲ ಬಸವ ಜಯಂತಿಯ ಹೊತ್ತಿಗೆ ನೀಲಾಳಿಗೆ ಏಳು ತಿಂಗಳು ತುಂಬುತ್ತಿತ್ತು. ಬಸುರಿಯನ್ನು ಏಳರಲ್ಲಿ ತವರಿಗೆ ತರಬೇಕು, ಎಂಟರಲ್ಲಿ ಹೊಸ್ತಿಲು ದಾಟಿಸಬಾರದು. ಇದು ನಮ್ಮ ಪದ್ಧತಿ. ತಾಯಿಯನ್ನು ಹೆರಿಗೆ ಕೊಂದಿದೆ, ಮಗಳ ವಿಷಯದಲ್ಲಿ ಒಂದು ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಆಗಬಾರದು ಎಂದು ನನ್ನ ತಮ್ಮ ನಿದ್ದೆಗೆಟ್ಟಿದ್ದ. ಬಳ್ಳಿಗಾವಿಯಲ್ಲಿ ಅವನ ಗೆಳೆಯ ಬೆನಕಪ್ಪನ ಹತ್ತಿರ ಒಳ್ಳೆಯ ಎತ್ತಿನ ಜೋಡಿ ಇತ್ತು. ಅವನ್ನು ಕೇಳಿ, ಕೈಗೆ ಪಳಗಿಸಿಕೊಂಡು, ಹಬ್ಬದ ದಿನ ಹೊಡೆದುಕೊಂಡು ಬಂದು ಪೂಜೆ ಮಾಡಿ, ಮರುದಿನ ಆನವಟ್ಟಿಗೆ ಹೊರಡುವುದೆಂದು ತೀರ್ಮಾನಿಸಿ ಬಳ್ಳಿಗಾವಿಗೆ ಹೋಗಿ ಉಳಿದ.

ಇತ್ತ ಶಾಂತವೀರ ಶಿವಮೊಗ್ಗದಲ್ಲಿ ಯಾವುದೋ ವಸ್ತುಪ್ರದರ್ಶನ ನೋಡಿ ಬಂದಿದ್ದ. ಅಲ್ಲಿ ಯಾರೋ ಪುಣ್ಯಾತ್ಮ ಗಾಡಿಯ ಗಾಲಿಯಲ್ಲಿ ಕುರ್ಚಿ ಮಾಡಿ ಇಟ್ಟಿದ್ದನಂತೆ, ದೊಡ್ಡ ದೊಡ್ಡವರು ಅದರ ಸುತ್ತ ನಿಂತು ಭೇಷ್ ಎಂದರಂತೆ. ಸಾಕಲ್ಲ ಇವನಿಗೆ. ನಾನು ಯಾರದೋ ಮದುವೆಗೆಂದು ಶಿರಾಳಕೊಪ್ಪಕ್ಕೆ ಹೋಗಿದ್ದೆ. ತಿರುಗಿ ಬಂದು ಹಿತ್ತಲಿಗೆ ಕಾಲಿಟ್ಟರೆ ನಮ್ಮ ಅಪ್ಪನ ಗಾಡಿ ಬಿಚ್ಚಿಬಿದ್ದಿತ್ತು. ಬಡಗಿ ಜಟ್ಟಪ್ಪ ಒಂದು ಗಾಲಿಯನ್ನು ಆಗಲೇ ನಡುವಿಗೆ ಕೊಯ್ದು ಮುಗಿಸಿದ್ದ.

ನಾನು ಕೂಗಿದ ಕೂಗಿಗೆ ಅಕ್ಕಪಕ್ಕದವರು ಬೇಲಿಯ ಹತ್ತಿರ ಬಂದು ನಿಂತರು. ನಿನ್ನ ತಲೆ ನೆಟ್ಟಗಿದೆಯೇನೋ, ನಿನ್ನ ಅಪ್ಪ ನೀಲಾಳನ್ನು ಕರೆತರಲು ಇಟ್ಟುಕೊಂಡ ಗಾಡಿಯಲ್ಲವೇನೋ ಇದು ಎಂದೆ. ಗೊತ್ತಿಲ್ಲದೆ ಮಾಡಿದ್ದರೆ ಕ್ಷಮಿಸಬಹುದಿತ್ತು. ಅವನಿಗೆ ಚೆನ್ನಾಗಿ ಗೊತ್ತಿತ್ತು. ಹಲ್ಲು ಬಿಟ್ಟುಕೊಂಡು ನನಗೇ ಬುದ್ಧಿ ಹೇಳಿದ. "ಈಗಿನ ಕಾಲದಾಗೆ ಬಸುರಿ ಹೆಂಗಸನ್ನ ಗಾಡ್ಯಾಗೆ ಕುಲುಕಿಸ್ಕಂಡು ಯಾರು ತರ್ತಾರೆ ಅತ್ತೆ? ಬಸ್ ಐತಲ್ಲ. ಅಪ್ಪಂಗೆ ವಯಸ್ಸಾತು, ಇನ್ನ ಆರಾಮಾಗಿ ಕೂರ್ಲಿ."

ಕೊಯ್ದ ಗಾಲಿಯನ್ನು ಬೈದು ಕೂಡಿಸಲು ಆಗುತ್ತದೆಯೇ? ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಎರಡು ದಿನ ಉಳಿಯ ಸದ್ದು, ಗರಗಸದ ಸದ್ದು. ಅವನ ಹೆಂಡತಿ ಮಾವನ ಮದುವೆಯ ಕರಿಕೋಟನ್ನು ಕತ್ತರಿಸಿ, ಹತ್ತಿ ತುಂಬಿ ಮೆತ್ತೆ ಹೊಲಿದಳು. ಆ ಕೋಟು ಕೂಡ ಸುಮ್ಮನೆ ಪೆಟ್ಟಿಗೆಯಲ್ಲಿ ಕೂತಿತ್ತಂತೆ. ಈ ಮನೆಯಲ್ಲಿ ಸುಮ್ಮನೆ ಇರುವ ವಸ್ತುವಿಗೂ ಉಳಿಗಾಲವಿಲ್ಲ, ಸುಮ್ಮನೆ ಇರುವ ಮನುಷ್ಯನಿಗೂ ಇಲ್ಲ.

ಹಬ್ಬದ ದಿನ ಮಧ್ಯಾಹ್ನ ವೀರಬಸಪ್ಪ ಬಂದ. ಬಳ್ಳಿಗಾವಿಯಿಂದ ನಡೆದೇ ಬಂದಿದ್ದ, ಎತ್ತುಗಳನ್ನು ಕೈಯಲ್ಲಿ ಹಿಡಿದುಕೊಂಡು. ಕೊಂಬಿಗೆ ಬಣ್ಣ, ಕೊರಳಿಗೆ ಗಂಟೆ, ಮೈ ಮೇಲೆ ಹೊಸ ಜೂಲು. ಹಣೆ ತುಂಬ ವಿಭೂತಿ ಬಳಿದುಕೊಂಡಿದ್ದ ಅವನ ಮುಖದಲ್ಲಿ ಎಷ್ಟೋ ವರ್ಷದಿಂದ ಕಾಣದ ಗೆಲುವಿತ್ತು. ಶಾಂತವೀರ ಬೀದಿಯವರನ್ನೆಲ್ಲ ಕರೆದು ಜಗಲಿಯ ಮುಂದೆ ನಿಲ್ಲಿಸಿದ್ದ. ನನ್ನ ತಮ್ಮ ಇದೆಲ್ಲ ಎತ್ತಿನ ಪೂಜೆಗೆ ಸೇರಿದ ಜನ ಎಂದುಕೊಂಡು ಹಿತ್ತಲಿಗೆ ಹೋದ, ಖಾಲಿ ಕೊಟ್ಟಿಗೆ ನೋಡಿದ, ತಿರುಗಿ ಬಂದ.

"ಗಾಡಿ ಎಲ್ಲಪ್ಪ?" ಎಂದು ಮಗನನ್ನು ಕೇಳಿದ.

"ಇದೇ ಅಪ್ಪ," ಎಂದು ಶಾಂತವೀರ ಜಗಲಿಯ ಮೇಲೆ ಮುಚ್ಚಿದ್ದ ಜಮಖಾನ ಸರಿಸಿದ.

ಬೆನ್ನಿಗೆ ಇಡೀ ಒಂದು ಗಾಲಿ. ಎರಡು ಪಕ್ಕಕ್ಕೆ ಅರ್ಧರ್ಧ ಗಾಲಿ. ಕೂರಲು ಗಾಡಿಯದೇ ಹಲಗೆ, ಅದರ ಮೇಲೆ ಕರಿಕೋಟಿನ ಮೆತ್ತೆ, ತಲೆಯ ಮೇಲೆ ಬಿದಿರಿನ ಕಮಾನು. ಬಿಸಿಲು ಬಂದಾಗ ಎತ್ತಿ ಆಚೀಚೆ ಇಡಲು ಬೇಕೆಂದು ಗಾಡಿಯ ಉದ್ದನೆಯ ಮೂಕಿಯನ್ನು ಸೀಳಿ ಕೆಳಗೆ ಎರಡು ದಂಡಿಗೆ ಸೇರಿಸಿದ್ದ. ನಾಲ್ಕು ಜನ ಹೆಗಲು ಕೊಟ್ಟರೆ ಆರಾಮಾಗಿ ಎತ್ತಬಹುದು ಎಂದು ಎಲ್ಲರಿಗೂ ವಿವರಿಸಿದ. ಕಮಾನಿಗೆ ಮಾವಿನ ಎಲೆ ಕಟ್ಟಿದ್ದ, ಚೆಂಡುಹೂವು ಸುತ್ತಿದ್ದ. ಅಪ್ಪನ ಕೊರಳಿಗೂ ಒಂದು ಹಾರ ಹಾಕಿ, ತೋಳು ಹಿಡಿದು ಅದರೊಳಗೆ ಕೂರಿಸಿದ.

ಬೀದಿ ಗಪ್‌ಚುಪ್ಪಾಯಿತು.

ನಮ್ಮವರಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ವಿಭೂತಿ ಹಚ್ಚಿ, ಹಾರ ಹಾಕಿ, ಬಿದಿರು ಬಾಗಿಸಿ ಕಟ್ಟಿದ ವಿಮಾನದಲ್ಲಿ ಕೂರಿಸಿ, ನಾಲ್ಕು ಜನ ಹೆಗಲು ಕೊಟ್ಟು ಒಯ್ಯುತ್ತಾರೆ. ಮಣ್ಣಿನಲ್ಲಿ ಇಡುವಾಗಲೂ ಕೂತ ಹಾಗೆಯೇ ಇಡುತ್ತಾರೆ. ಯಾರ ಮನೆಯಲ್ಲಾದರೂ ಸಾವಾದರೆ "ಸತ್ತರು" ಎನ್ನುವ ಮಾತನ್ನು ಬಾಯಿಗೆ ತರದೆ, "ಕೂರಿಸಿದಾರೆ" ಎಂದೇ ಹೇಳುವುದು. ಹಾಲು ಕುಡಿಯುವ ಕೂಸಿಗೂ ತಿಳಿದಿರುವ ಸಂಗತಿ ಇದು. ಪ್ರದರ್ಶನ ನೋಡಿ ಬಂದ ನಮ್ಮ ಶಾಂತವೀರಪ್ಪನಿಗೆ ಮಾತ್ರ ಮರೆತುಹೋಗಿತ್ತು. ಎದುರುಮನೆಯ ಮುದುಕರೊಬ್ಬರು ಅಭ್ಯಾಸಬಲದಿಂದ ಎರಡೂ ಕೈ ಜೋಡಿಸಿ "ಶಿವ ಶಿವಾ" ಎಂದವರು ನಾಚಿ ಕೈ ಇಳಿಸಿದರು. ನನ್ನ ತಮ್ಮ ಕಣ್ಣು ಮುಚ್ಚಿಕೊಂಡು ಕೂತಿದ್ದ. ಜನರೆದುರು ಮಗನ ಮಾನ ಕಳೆಯಬಾರದು ಎಂದು ಆಗಲೂ ಸುಮ್ಮನಿದ್ದ. ಕಣ್ಣು ಮುಚ್ಚಿದ್ದಕ್ಕೆ ಇನ್ನಷ್ಟು ಹಾಗೆಯೇ ಕಾಣುತ್ತಿದ್ದ.

ಶಾಂತವೀರನಿಗೆ ಜನರ ಮೌನ ಮೆಚ್ಚುಗೆಯ ಹಾಗೆ ಕೇಳಿಸಿತು. ಆ ಹುರುಪಿನಲ್ಲಿ ಬಸ್ ನಿಲ್ದಾಣಕ್ಕೆ ಹೋದ. ಅಲ್ಲಿ ಆನವಟ್ಟಿಯ ಬೆಲ್ಲದ ವ್ಯಾಪಾರಿ ರಾಜಪ್ಪ ಊರಿಗೆ ಹೊರಟು ನಿಂತಿದ್ದ. ನೀಲಾಳ ಮನೆಯ ಬೀದಿಯವನು. ಇವನು ಅವನನ್ನು ಹಿಡಿದು ಹೇಳಿದ ಮಾತನ್ನು ಮರುದಿನ ಅವನ ಬಾಯಿಂದಲೇ ಕೇಳಿದೆ.

"ಅಪ್ಪನ್ನ ಕೂರ್ಸಿದೀವಿ ಅಂತ ನಮ್ಮ ನೀಲಾಗೆ ಹೇಳ್ರಿ. ಮನಸಿದ್ರೆ ಬಂದು ಒಂದ್ಸಲ ನೋಡ್ಕಂಡು ಹೋಗ್ಲಿ."

ರಾಜಪ್ಪ ಬೆಚ್ಚಿಬಿದ್ದು ಯಾವಾಗ ಎಂದನಂತೆ. ಈಗ ಮಧ್ಯಾಹ್ನ ಎಂದನಂತೆ ಇವನು. ನನಗೆ ಗೊತ್ತೇ ಆಗಲಿಲ್ಲವಲ್ಲ, ಒಂದು ಹಾರವನ್ನಾದರೂ ತರುತ್ತಿದ್ದೆ ಎಂದು ರಾಜಪ್ಪ ಕಣ್ಣು ಒರೆಸಿಕೊಂಡನಂತೆ. ಹಾರ ನಾವೇ ಹಾಕಿದ್ದೇವೆ ಬಿಡಿ ಎಂದನಂತೆ ನಮ್ಮ ಮಹಾಶಯ! ಅಷ್ಟರಲ್ಲಿ ಬಸ್ಸು ಹೊರಟಿತು. ಬೆಲ್ಲದ ವ್ಯಾಪಾರಿ ಕೂಡ ತನ್ನ ಕುರ್ಚಿಗೆ ಕಣ್ಣೀರು ಹಾಕಿದ ಎಂದು ಇವನು ಉಬ್ಬಿಹೋಗಿ ಮನೆಗೆ ಬಂದ.

ಆ ಸಂಜೆ ವೀರಬಸಪ್ಪ ಊಟ ಮಾಡಲಿಲ್ಲ. ಕೊಟ್ಟಿಗೆಯಲ್ಲಿ ಎತ್ತುಗಳ ಹತ್ತಿರ ನಿಂತಿದ್ದ. ಹೋಗಿ ಕರೆದೆ. ಪಕ್ಕದ ಕೇರಿಯ ಗೋಪಾಲಪ್ಪನ ಗೊಬ್ಬರದ ಗಾಡಿ ಕೇಳಿದ್ದೇನೆ, ಕೊಡುತ್ತೇನೆ ಎಂದಿದ್ದಾನೆ ಅಕ್ಕ, ತೊಳೆದು ಹುಲ್ಲು ಹಾಸಿಕೊಂಡು ಬೆಳಗ್ಗೆ ಹೊರಡುತ್ತೇನೆ ಎಂದ. ಅದಕ್ಕೆ ಕಮಾನು ಇಲ್ಲವಲ್ಲ, ಬಸುರಿ ಬಿಸಿಲಲ್ಲಿ ಬರಬೇಕಲ್ಲ ಎಂದೆ. ಛತ್ರಿ ಹಿಡಿಯುತ್ತೇನೆ ಎಂದ. ಗಾಡಿ ಹೊಡೆಯುವವನು ಛತ್ರಿ ಹೇಗೆ ಹಿಡಿಯುತ್ತಾನೆ ಎಂದು ಕೇಳುವಷ್ಟು ಕಲ್ಲುಮನಸ್ಸು ನನಗೂ ಇರಲಿಲ್ಲ.

ಬೆಳಗ್ಗೆ ನಾನು ಅಂಗಳಕ್ಕೆ ನೀರು ಹಾಕಿ ರಂಗೋಲಿ ಎಳೆಯುತ್ತಿದ್ದೆ. ಬೀದಿಯ ತುದಿಯಿಂದ ಹೆಂಗಸಿನ ಅಳು ಕೇಳಿಸಿತು. ತಲೆ ಎತ್ತಿದರೆ ನೀಲಾ. ತುಂಬಿದ ಹೊಟ್ಟೆ ಹಿಡಿದುಕೊಂಡು, ಬಿಚ್ಚಿದ ತಲೆಯಲ್ಲಿ, ಕಾಲಿಗೆ ಚಪ್ಪಲಿ ಇಲ್ಲದೆ ಓಡಿಬರುತ್ತಿದ್ದಳು. ಹಿಂದೆ ಅವಳ ಗಂಡ, ಕೈಯಲ್ಲಿ ಬಾಳೆ ಎಲೆಯಲ್ಲಿ ಸುತ್ತಿದ್ದ ದೊಡ್ಡ ಹಾರ. ಅವನ ಹಿಂದೆ ರಾಜಪ್ಪ, ಹೆಗಲಿಗೆ ಟವಲು ಹಾಕಿಕೊಂಡು. ಆನವಟ್ಟಿಯಲ್ಲಿ ಏನೋ ಅನಾಹುತವಾಗಿದೆ ಎಂದುಕೊಂಡೆ. ಅನಾಹುತ ನಮ್ಮ ಜಗಲಿಯ ಮೇಲೇ ಇತ್ತು.

ಅವಳು ಕಂಡದ್ದು ಏನು? ಮಾವಿನೆಲೆ ಬಾಡಿದ ಕಮಾನು, ಅದರೊಳಗೆ ಒಣಗಿದ ಹಾರ, ಯಾರೂ ಇಲ್ಲದ ಕುರ್ಚಿ. ಮಣ್ಣು ಮಾಡಿ ಬಂದುಬಿಟ್ಟಿದ್ದಾರೆ ಎಂದೇ ತಿಳಿದಳು ಹುಡುಗಿ. ಆ ಗಾಲಿಯನ್ನು ಅಪ್ಪಿಕೊಂಡು ಕುಸಿದಳು. "ಮುಖ ನೋಡಾಕೂ ಕಾಯ್ಲಿಲ್ವಾ ಅತ್ತೆ? ನಾ ಬರಾ ತನಕ ಇಟ್ಕಣಾಕೆ ಆಗ್ಲಿಲ್ವಾ ನಿಮಗೆ?" ಎಂದಳು. ನಾನು ಹಿತ್ತಲ ಕಡೆ ತಿರುಗಿ ತಮ್ಮನನ್ನು ಕೂಗಿದೆ.

ಹಿತ್ತಲಿನಿಂದ ವೀರಬಸಪ್ಪ ಬಂದ. ಗೊಬ್ಬರದ ಗಾಡಿಗೆ ಹಾಸಲು ಎತ್ತಿಕೊಂಡಿದ್ದ ಹುಲ್ಲಿನ ಹೊರೆ ಹೆಗಲ ಮೇಲಿತ್ತು, ತಲೆಯಲ್ಲೆಲ್ಲ ಹುಲ್ಲು. ಅಳಿಯ ಅವನನ್ನು ಕಂಡು ಹಾರವನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. ನೀಲಾ ನೋಡಿದಳು. ಕೂಗಲಿಲ್ಲ, ಏಳಲೂ ಇಲ್ಲ, ಕೂತಲ್ಲಿಂದಲೇ ಅಪ್ಪನ ಕಾಲನ್ನು ಕೈಯಿಂದ ಮುಟ್ಟಿ ಮುಟ್ಟಿ ನೋಡಿದಳು. ನನ್ನ ತಮ್ಮನಿಗೆ ಏನು ನಡೆದಿದೆ ಎಂದು ಪೂರ್ತಿ ತಿಳಿಯಲಿಲ್ಲ. ಮಗಳು ಬಸ್ಸಿನಲ್ಲಿ ಬಂದಿದ್ದಾಳೆ ಎನ್ನುವುದೊಂದೇ ತಿಳಿಯಿತು.

"ವಾಂತಿ ಆತಾ ನೀಲವ್ವ?" ಎಂದ.

"ನೆನಪೇ ಆಗ್ಲಿಲ್ಲಪ್ಪ," ಎಂದಳು ಅವಳು.

ಹಾಗೆಂದವಳೇ ಹೊಟ್ಟೆ ಹಿಡಿದುಕೊಂಡು ಬಗ್ಗಿದಳು. ನೋವು. ಏಳು ತಿಂಗಳಿಗೆ ಬರಬಾರದ ನೋವು. ಎಲ್ಲರೂ ಸೇರಿ ಅವಳನ್ನು ಒಳಗೆ ಎತ್ತಿಕೊಂಡು ಹೋದೆವು. ಅವಳ ತಾಯಿ ಸತ್ತ ಕೋಣೆಯೇ, ನಮಗೆ ಇರುವುದು ಅದೊಂದೇ ಕೋಣೆ. ಅಳಿಯ ಓಡಿಹೋಗಿ ಸೂಲಗಿತ್ತಿ ಹುಚ್ಚಮ್ಮನನ್ನು ಕರೆತಂದ. ಅವಳು ಬಂದವಳೇ ಗಂಡಸರನ್ನೆಲ್ಲ ಹೊರಗಟ್ಟಿ, ಬಾಗಿಲು ಹಾಕಿ, ಹರಳೆಣ್ಣೆ ತರಿಸಿ ಹೊಟ್ಟೆ ನೀವತೊಡಗಿದಳು. ನಾನು ನೀಲಾಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ. ನನಗೆ ಗೊತ್ತಿದ್ದ ದೇವರ ಹೆಸರೆಲ್ಲ ಮುಗಿದು ಮತ್ತೆ ಮೊದಲಿನಿಂದ ಹೇಳಿಕೊಳ್ಳುತ್ತಿದ್ದೆ.

ವೀರಬಸಪ್ಪ ಬಾಗಿಲ ಹೊರಗೆ ಗೋಡೆಗೆ ಕೈ ಕೊಟ್ಟು ನಿಂತಿದ್ದ. ಬಾಗಿಲ ಸಂದಿಯಿಂದ ನನಗೆ ಕಾಣುತ್ತಿತ್ತು. ಬೀದಿಯಲ್ಲಿ ರಾಜಪ್ಪ ಶಾಂತವೀರನನ್ನು ಹಿಡಿದು, ನೀನು ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದೆನಪ್ಪ ಎಂದು ನಡೆದದ್ದನ್ನೆಲ್ಲ ಒದರುತ್ತಿದ್ದ. ನಾನು ಕುರ್ಚಿಯ ಮೇಲೆ ಕೂರಿಸಿದ್ದು ಎನ್ನುವ ಅರ್ಥದಲ್ಲಿ ಹೇಳಿದ್ದೆ ಎಂದು ಇವನು ವಾದ ಮಾಡುತ್ತಿದ್ದ. ವಾದ ಮುಗಿಸಿ ಒಳಗೆ ಬಂದ. ಬಂದು ಏನು ಮಾಡಿದ ಎನ್ನುತ್ತೀರಿ? ನಿಂತು ನಿಂತು ಅಪ್ಪನ ಕಾಲು ನೋಯುತ್ತದೆ ಎಂದು, ಅಳಿಯನ ಕೈಯಲ್ಲಿ ಒಂದು ಕಡೆ ಹಿಡಿಸಿ, ಆ ಕುರ್ಚಿಯನ್ನೇ ನಡುಮನೆಗೆ ಹೊತ್ತು ತಂದ! ಬಾಡಿದ ಹಾರದ ಸಮೇತ! ಹೆರಿಗೆ ನೋವಿನ ಕೋಣೆಯ ಎದುರು ತಂದು ಇಟ್ಟು, "ಕೂತ್ಕಳ್ರಿ ಅಪ್ಪ" ಎಂದ. ನಾನು ಎದ್ದು ಹೋಗಿ ಅವನ ಕೆನ್ನೆಗೆ ಬಾರಿಸುತ್ತಿದ್ದೆ, ನೀಲಾ ನನ್ನ ಸೆರಗು ಬಿಡಲಿಲ್ಲ.

ವೀರಬಸಪ್ಪ ಕೂರಲಿಲ್ಲ. ಬಿಸಿಲು ಜಗಲಿ ಬಿಟ್ಟು ಅಂಗಳಕ್ಕೆ ಇಳಿಯುವ ತನಕ ನಿಂತೇ ಇದ್ದ.

ಕೊನೆಗೆ ನೋವು ಇಳಿಯಿತು. ಕೂಸು ಗಟ್ಟಿ ಇದೆ, ಇನ್ನು ಹೆರಿಗೆಯಾಗುವ ತನಕ ಈ ಹುಡುಗಿ ಹೊಸ್ತಿಲು ದಾಟಬಾರದು, ಗಾಡಿಯನ್ನೂ ಹತ್ತಬಾರದು ಬಸ್ಸನ್ನೂ ಹತ್ತಬಾರದು ಎಂದು ಹುಚ್ಚಮ್ಮ ಕೈ ತೊಳೆದುಕೊಂಡಳು. ನಾನು ಬಾಗಿಲು ತೆಗೆದೆ. ನನ್ನ ತಮ್ಮ ಒಳಗೆ ಬಂದು ಮಗಳ ಹಣೆ ಮುಟ್ಟಿದ. ಅವಳಿಗೆ ಜೊಂಪು ಹತ್ತಿತ್ತು, ಆದರೂ ಅವನ ಬೆರಳನ್ನು ಹಿಡಿದುಕೊಂಡಳು.

ಶಾಂತವೀರ ಬಾಗಿಲಲ್ಲಿ ನಿಂತು ಸಮಾಧಾನದ ಉಸಿರು ಬಿಟ್ಟ. ಅಂತೂ ಅವಳು ಬಂದು ಮುಟ್ಟಿದಳಲ್ಲ, ಅಪ್ಪನಿಗೆ ಆನವಟ್ಟಿ ತನಕ ಹೋಗುವ ಕಷ್ಟ ತಪ್ಪಿತು ಎಂದ. ತನ್ನ ಕುರ್ಚಿಯಿಂದಲೇ ಇಷ್ಟು ಅನುಕೂಲವಾಯಿತು ಎನ್ನುವ ಹಾಗಿತ್ತು ಅವನ ದನಿ. ಇವನ ಮುಖಕ್ಕೆ ಮಂಗಳಾರತಿ ಎತ್ತಲು ನಾನು ಬಾಯಿ ತೆರೆದಿದ್ದೆ. ಆದರೆ ವೀರಬಸಪ್ಪ ಮಗನ ಕಡೆ ತಿರುಗಿದ. ದನಿ ಎತ್ತರಿಸಲಿಲ್ಲ, ಮಗಳು ಎದ್ದಾಳು ಎಂದು ಮೆಲ್ಲಗೇ ಮಾತಾಡಿದ.

"ಶಾಂತವೀರ, ನಾಳೆ ನಾನು ಖರೇನೆ ಸತ್ತಾಗ ಯಾರ ಕೈಯಾಗೂ ಇವಳಿಗೆ ಹೇಳಿ ಕಳಿಸಬ್ಯಾಡ. ಇವಳು ನಂಬಾದಿಲ್ಲ. ನೀನೇ ಹೋಗು. ಬಸ್ ಬ್ಯಾಡ. ನಮ್ಮ ಗಾಡಿ ಕಟ್ಕಂಡು ಹೋಗಿ ಮೆಲ್ಲಕೆ ಕರ್ಕಂಡು ಬಾ."

ಅಪ್ಪ ತನಗೊಂದು ಕೆಲಸ ವಹಿಸಿದನೆಂದು ಶಾಂತವೀರನ ಕಣ್ಣಲ್ಲಿ ನೀರು ಬಂತು. ಆಗಲಪ್ಪ ಎಂದು ತಲೆಯಾಡಿಸಿದ. ಆಮೇಲೆ ಸ್ವಲ್ಪ ಯೋಚನೆ ಮಾಡಿ ಕೇಳಿದ.

"ಯಾವ ಗಾಡಿ ಅಪ್ಪ?"

ಅವನ ಬೆನ್ನ ಹಿಂದೆ ಅದು ಹಾರ ಹಾಕಿಕೊಂಡು ಕೂತಿತ್ತು.